ಗೋಡೌನಿನೊಳಗೆ ಡೀಸೆಲ್ ಯಾಕೆ ಇನ್ನೂ ಓಡುತ್ತಿದೆ?

ಮುಂಬೈಯಿಂದ ನಾಸಿಕ್ ಕಡೆಗೆ ಹೋಗುವವರಿಗೆ ಭಿವಂಡಿ ಹತ್ತಿರ ಬರುತ್ತಿದ್ದಂತೆ ಹೆದ್ದಾರಿಯ ಎರಡೂ ಕಡೆ ತಗಡಿನ ಚಾವಣಿಗಳ ಸಾಲು ಕಾಣಿಸುತ್ತದೆ. ಮಗ್ಗಕ್ಕೆ ಹೆಸರಾದ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಗದ್ದೆಗಳಿದ್ದ ಕಡೆ ಈಗ ಗೋಡೌನುಗಳಿವೆ. ಪುಣೆಯ ಚಾಕಣ್, ಚೆನ್ನೈ ಹೊರಗಿನ ಶ್ರೀಪೆರಂಬದೂರು, ಒರಗಡಂ, ಹೈದರಾಬಾದಿನ ಮೇಡ್ಚಲ್, ಗುರುಗ್ರಾಮದ ಆಚೆಯ ಫರೂಖ್‌ನಗರ, ಬೆಂಗಳೂರಿನ ನೆಲಮಂಗಲ, ಹೊಸಕೋಟೆ ಎಲ್ಲೆಡೆಯೂ ಇದೇ ನೋಟ. ಬಾಗಿಲ ಬಳಿ ಲಾರಿ ಹಿಂದಕ್ಕೆ ಬಂದು ನಿಲ್ಲುತ್ತದೆ. ಒಳಗಿನಿಂದ ಫೋರ್ಕ್‌ಲಿಫ್ಟ್ ಬಂದು ಎರಡು ಉಕ್ಕಿನ ತೋಳುಗಳನ್ನು ಪ್ಯಾಲೆಟ್ಟಿನ ಅಡಿಗೆ ತೂರಿಸಿ, ಎತ್ತಿ, ಹಿಂದಕ್ಕೆ ತಿರುಗಿ ಹೋಗುತ್ತದೆ. ಇಂಥ ಹಲವು ಶೆಡ್ಡುಗಳಲ್ಲಿ, ಅದು ತಿರುಗಿ ಹೋದ ಮೇಲೂ ಅದರ ಹೊಗೆ ಅಲ್ಲೇ ನಿಂತಿರುತ್ತದೆ.

ಡೀಸೆಲ್ ಫೋರ್ಕ್‌ಲಿಫ್ಟ್ ಒಳ್ಳೆಯದೋ ಬ್ಯಾಟರಿಯದೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಬಗೆಹರಿಯುವುದು ಖರೀದಿ ವಿಭಾಗದ ಎಕ್ಸೆಲ್ ಶೀಟಿನಲ್ಲಿ. ಒಂದು ಕಾಲಂನಲ್ಲಿ ಯಂತ್ರದ ಬೆಲೆ, ಇನ್ನೊಂದರಲ್ಲಿ ಇಂಧನ, ಮತ್ತೊಂದರಲ್ಲಿ ಸರ್ವಿಸ್ ಖರ್ಚು. ದಿನಕ್ಕೆ ಎಂಟರಿಂದ ಹನ್ನೆರಡು ಗಂಟೆ ಆ ಯಂತ್ರದ ಮೇಲೆ ಕೂರುವವನಿಗೂ, ಅದರ ಪಕ್ಕದಲ್ಲಿ ನಿಂತು ಪೆಟ್ಟಿಗೆ ಎಣಿಸುವ ಹುಡುಗಿಗೂ ಆ ಶೀಟಿನಲ್ಲಿ ಕಾಲಂ ಇರುವುದಿಲ್ಲ. ಆ ಲೆಕ್ಕವನ್ನು ಅದರದ್ದೇ ಶರತ್ತುಗಳ ಮೇಲೆ ನೋಡಿದರೂ ಮುಚ್ಚಿದ ಶೆಡ್ಡಿನೊಳಗೆ ಡೀಸೆಲ್ ಗೆಲ್ಲುವುದಿಲ್ಲ. ಹೊರಗಿನ ಯಾರ್ಡಿನ ಮಾತು ಬೇರೆ. ಅಲ್ಲಿ ಡೀಸೆಲ್‌ಗೆ ಇನ್ನೂ ನ್ಯಾಯವಾದ ಜಾಗವಿದೆ. ನಮ್ಮಲ್ಲಿ ತೊಂದರೆ ಆಗಿರುವುದು ಒಳಗೂ ಹೊರಗೂ ಒಂದೇ ಗಾಡಿ ಓಡಿಸುವ ರೂಢಿಯಿಂದ.

ಬ್ಯಾಟರಿ ಗಾಡಿ ಹೊಸ ಕಾಲದ ಫ್ಯಾಷನ್ ಎಂದುಕೊಂಡವರಿಗೆ ಒಂದು ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆ ತನ್ನ ಆಲ್ಟೂನಾ ನಿಲ್ದಾಣದಲ್ಲಿ ಲಗೇಜು ಸಾಗಿಸಲು ಬ್ಯಾಟರಿ ಗಾಡಿಗಳನ್ನು ಬಳಕೆಗೆ ತಂದದ್ದು 1906ರಲ್ಲಿ. ಸಾಮಾನು ಸಾಗಿಸುವ ಈ ದಂಧೆಯಲ್ಲಿ ವಿದ್ಯುತ್ತು ಹಳೆಯ ಕೈ. ಅದಕ್ಕೆ ಕಾರಣವೂ ಇದೆ. ಫೋರ್ಕ್‌ಲಿಫ್ಟ್ ಅಂದರೆ ತಕ್ಕಡಿ ಇದ್ದ ಹಾಗೆ: ಮುಂದಿನ ಚಕ್ರವೇ ಅದರ ನಡುಗೂಟ, ಮುಂದೆ ಎತ್ತಿದ ಭಾರಕ್ಕೆ ಸಮನಾಗಿ ಹಿಂದೆ ತೂಕ ಇರಲೇಬೇಕು. ಮೂರು ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ ನಾಲ್ಕು ಟನ್ ಮೀರುತ್ತದೆ. ಕಾರಿನಲ್ಲಿ ಬ್ಯಾಟರಿಯ ತೂಕ ಶಾಪ. ಇಲ್ಲಿ ಅದು ವರ. ಒಂದು ಟನ್ನಿಗೂ ಹೆಚ್ಚು ತೂಗುವ ಸೀಸದ ಬ್ಯಾಟರಿ ಸೀಟಿನ ಕೆಳಗೆ ಕೂತು ಎರಡು ಕೆಲಸ ಮಾಡುತ್ತದೆ, ಗಾಡಿಯನ್ನೂ ಓಡಿಸುತ್ತದೆ, ಅದು ಮುಗ್ಗರಿಸದ ಹಾಗೆಯೂ ಹಿಡಿಯುತ್ತದೆ. ಸೀಸದ ಜಾಗಕ್ಕೆ ಹಗುರವಾದ ಲಿಥಿಯಂ ಬ್ಯಾಟರಿ ಕೂರಿಸುವಾಗ ತೂಕ ಸರಿದೂಗಿಸಲು ಕಬ್ಬಿಣ ತುಂಬಬೇಕಾಗುತ್ತದೆ ಎಂದರೆ ಈ ಲೆಕ್ಕ ಅರ್ಥವಾದೀತು.

ಇನ್ನು ಹೊಗೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೂ ಮುಂಚೆ ಅದು ‘ಬಹುಶಃ’ ಎಂಬ ಗುಂಪಿನಲ್ಲಿತ್ತು. ತಂಬಾಕು, ಆಸ್ಬೆಸ್ಟಾಸ್ ಇರುವುದೂ ಆ ಮೊದಲ ಗುಂಪಿನಲ್ಲೇ. ರಸ್ತೆಯಲ್ಲಿ ಹೋಗುವ ಲಾರಿಯ ಹೊಗೆಗೆ ಗಾಳಿ ಇದೆ, ಮಳೆ ಇದೆ. ಶೆಡ್ಡಿನೊಳಗಿನ ಹೊಗೆಗೆ ಚಾವಣಿಯ ಟರ್ಬೋ ವೆಂಟಿಲೇಟರು ಬಿಟ್ಟರೆ ದಾರಿ ಇಲ್ಲ, ಆ ವೆಂಟಿಲೇಟರು ತಿರುಗಲು ಹೊರಗೆ ಗಾಳಿ ಬೀಸಬೇಕು. ಮೇಲಿನ ಅಟ್ಟಣೆಯ ಒಂದು ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಒರೆಸಿದರೆ ಸಾಕು, ಬಟ್ಟೆಗೆ ಹತ್ತುವ ಕಪ್ಪು ಮಸಿ ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಅದೇ ಮಸಿ ಬಿಸ್ಕತ್ತಿನ ಪೆಟ್ಟಿಗೆಯ ಮೇಲೂ, ಔಷಧಿಯ ಕಾರ್ಟನ್ನಿನ ಮೇಲೂ ಕೂತಿರುತ್ತದೆ. ಸರಕಿನ ಮಾಲೀಕರು ದೂರು ಕೊಟ್ಟಾಗ ಕೆಲವು ಗೋಡೌನುಗಳು ಬ್ಯಾಟರಿಗೆ ಬದಲಾಗುತ್ತವೆ. ಕಾರ್ಮಿಕರು ಕೆಮ್ಮಿದಾಗ ಬದಲಾಗುವುದು ಅಪರೂಪ.

ಹೊಗೆಯಷ್ಟು ಮಾತಿಗೆ ಬಾರದ ಇನ್ನೊಂದು ಸಂಗತಿ ಶಾಖ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿರುತ್ತದೆ. ಮೂರು ಟನ್ನಿನ ಗಾಡಿ ಬಿಡುವಿಲ್ಲದೆ ದುಡಿದರೆ ಗಂಟೆಗೆ ಮೂರು ಲೀಟರಿನ ಆಸುಪಾಸು ಕುಡಿಯುತ್ತದೆ ಎಂದು ಹಿಡಿಯಿರಿ. ಅಂದರೆ ಗಂಟೆಗೆ 30 ಯೂನಿಟ್. ಅದರಲ್ಲಿ ಎತ್ತುವ, ಓಡುವ ಕೆಲಸಕ್ಕೆ ಹೋಗುವುದು ಸಣ್ಣ ಪಾಲು. ಉಳಿದದ್ದೆಲ್ಲ ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಬಿಸಿಯಾಗಿ ಅದೇ ಶೆಡ್ಡಿನೊಳಗೆ ಬೀಳುತ್ತದೆ. ಎರಡು ಕಿಲೋವ್ಯಾಟಿನ ಹದಿನೈದು ಗೀಸರುಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಬಿಸಿ ಅದು. ಮೇ ತಿಂಗಳಲ್ಲಿ ಶ್ರೀಪೆರಂಬದೂರಿನ ತಗಡಿನ ಶೆಡ್ಡಿನಲ್ಲಿ ಇಂಥ ಎರಡು ಗಾಡಿ ಓಡಿಸಿ, ಮೇಲೆ ಕಾರ್ಮಿಕರಿಗೆ ಮಜ್ಜಿಗೆ ಹಂಚಿ ‘ಬಿಸಿಲಿನ ಮುನ್ನೆಚ್ಚರಿಕೆ’ ಎಂದು ಬೋರ್ಡು ಹಾಕುವುದು ನಡೆದೇ ಇದೆ.

ಕಾನೂನು ಇದನ್ನು ಗಮನಿಸಿರಲಿಲ್ಲ ಎನ್ನುವಂತಿಲ್ಲ. 1948ರ ಕಾರ್ಖಾನೆ ಕಾಯಿದೆಯ 14ನೇ ಕಲಮು ಎರಡು ಮಾತು ಹೇಳಿತ್ತು. ಒಂದೇ ಕಡೆ ನಿಂತು ಓಡುವ ಎಂಜಿನ್ನಿನ ಹೊಗೆಯನ್ನು ಹೊರಗಿನ ಬಯಲಿಗೆ ಬಿಡಬೇಕು. ಬೇರೆ ಯಾವುದೇ ಎಂಜಿನ್ನನ್ನು ಕೋಣೆಯೊಳಗೆ ಓಡಿಸುವುದಾದರೆ ಕೆಲಸಗಾರರಿಗೆ ಹಾನಿಯಾಗುವಷ್ಟು ಹೊಗೆ ಕೂಡದಂತೆ ಪರಿಣಾಮಕಾರಿ ಕ್ರಮ ಕೈಗೊಂಡಿರಬೇಕು. ಫೋರ್ಕ್‌ಲಿಫ್ಟ್ ಆ ಎರಡನೆಯ ಮಾತಿನೊಳಗೆ ಸರಿಯಾಗಿ ಕೂರುತ್ತದೆ. ಆದರೆ ಕಾಯಿದೆ ಅನ್ವಯವಾಗುತ್ತಿದ್ದುದು ‘ಕಾರ್ಖಾನೆ’ಗೆ. ತಯಾರಿಕಾ ಪ್ರಕ್ರಿಯೆಯ ವ್ಯಾಖ್ಯೆಯಲ್ಲಿ ಶೀತಲ ಸಂಗ್ರಹ ಬಂದಿತ್ತು, ಪ್ಯಾಕಿಂಗ್ ಬಂದಿತ್ತು. ಸರಕು ತಂದಿಟ್ಟು ಕಳಿಸುವುದಷ್ಟೇ ಮಾಡುವ ಸಾಮಾನ್ಯ ಗೋಡೌನು ಆ ಬೇಲಿಯ ಹೊರಗೇ ಉಳಿಯಿತು. ದೇಶದ ಸರಕೆಲ್ಲ ಗೋಡೌನುಗಳ ಮೂಲಕ ಹಾಯುವ ಕಾಲ ಬಂದರೂ ಅಲ್ಲಿನ ಗಾಳಿಯನ್ನು ಅಳೆಯುವವರು ಕಾಣುವುದಿಲ್ಲ.

ನಡುವಿನ ದಾರಿ ಎಂದು ಕೆಲವರು ಎಲ್‌ಪಿಜಿ ಗಾಡಿಯನ್ನು ತೋರಿಸುತ್ತಾರೆ. ಮಸಿ ಕಡಿಮೆ, ವಾಸನೆ ಕಡಿಮೆ, ಸಿಲಿಂಡರು ಬದಲಿಸಿದರೆ ಕೆಲಸ ಮುಂದುವರಿಯುತ್ತದೆ ಎಂಬುದೆಲ್ಲ ನಿಜ. ಆದರೆ ಟ್ಯೂನಿಂಗ್ ಕೆಟ್ಟ ಗ್ಯಾಸ್ ಎಂಜಿನ್ನು ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹೊಗೆ ಕನಿಷ್ಠ ಕಣ್ಣಿಗೆ ಉರಿ ಹತ್ತಿಸಿ ಎಚ್ಚರಿಸುತ್ತದೆ. ಕಾರ್ಬನ್ ಮೊನಾಕ್ಸೈಡು ತಲೆನೋವು, ಸುಸ್ತು, ತಲೆಸುತ್ತು ಎಂಬ ದಿನನಿತ್ಯದ ದೂರುಗಳ ವೇಷದಲ್ಲಿ ಬರುತ್ತದೆ, ಹಾಗಾಗಿ ಯಾರೂ ಅದನ್ನು ಗುರುತಿಸುವುದಿಲ್ಲ. ಗೋಡೆಗೆ ಮೀಟರು ಹಾಕದ, ಎಂಜಿನ್ ತಪಾಸಣೆಗೆ ದುಡ್ಡು ಬಿಚ್ಚದ ಶೆಡ್ಡಿಗೆ ಎಲ್‌ಪಿಜಿ ತರುವುದು ಕಣ್ಣಿಗೆ ಕಾಣುವ ಕೇಡನ್ನು ಕೊಟ್ಟು ಕಾಣದ ಕೇಡನ್ನು ಕೊಂಡ ಹಾಗೆ.

ಈಗ ದುಡ್ಡಿನ ಲೆಕ್ಕ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಗಂಟೆಗೆ 270 ರೂಪಾಯಿ. ಅದೇ ಕೆಲಸಕ್ಕೆ ಬ್ಯಾಟರಿ ಗಾಡಿ ಚಾರ್ಜಿಂಗ್ ನಷ್ಟವೂ ಸೇರಿ 7 ಯೂನಿಟ್ ತಿನ್ನುತ್ತದೆ, ಯೂನಿಟ್ಟಿಗೆ 10 ರೂಪಾಯಿ ಎಂದುಕೊಂಡರೆ 70 ರೂಪಾಯಿ. ಗಂಟೆಗೆ 200 ರೂಪಾಯಿ ಉಳಿತಾಯ. ವರ್ಷಕ್ಕೆ 2,000 ಗಂಟೆ ಓಡಿದರೆ ನಾಲ್ಕು ಲಕ್ಷ. ಎಂಜಿನ್ ಆಯಿಲ್, ಫಿಲ್ಟರು, ಬೆಲ್ಟು, ಇಂಜೆಕ್ಟರುಗಳ ಖರ್ಚು ಇದಕ್ಕೆ ಹೊರತು. ಬ್ಯಾಟರಿ ಗಾಡಿಗೆ ಮೊದಲು ಹೆಚ್ಚು ಹಣ ಹಾಕಬೇಕು ಎಂಬುದು ನಿಜ, ಆದರೆ ದಿನವಿಡೀ ದುಡಿಯುವ ಗಾಡಿಯಲ್ಲಿ ಆ ಹೆಚ್ಚುವರಿ ಹಣ ಕೆಲವೇ ವರ್ಷಗಳಲ್ಲಿ ಮರಳಿ ಬರುತ್ತದೆ. ದಿನಕ್ಕೆ ಒಂದೇ ಗಂಟೆ ಓಡುವ ಗಾಡಿಗೆ ಈ ಲೆಕ್ಕ ಕೂಡಿಬರುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

‘ನಮ್ಮಲ್ಲಿ ಕರೆಂಟೇ ಇರುವುದಿಲ್ಲ, ಜನರೇಟರಿನಿಂದ ಚಾರ್ಜ್ ಮಾಡಬೇಕು, ಮತ್ತೆ ಡೀಸೆಲ್ಲೇ ಆಯ್ತಲ್ಲ’ ಎನ್ನುವ ಸವಾಲು ಬರುತ್ತದೆ. ಮೇಲ್ನೋಟಕ್ಕೆ ಸರಿಯಾದ ಮಾತು. ಆದರೆ ಸುಮಾರಾದ ಜನರೇಟರು ಒಂದು ಲೀಟರಿಗೆ ಮೂರು ಯೂನಿಟ್ಟಿಗಿಂತ ತುಸು ಹೆಚ್ಚೇ ಕೊಡುತ್ತದೆ. 7 ಯೂನಿಟ್ಟಿಗೆ ಬೇಕಾದ ಡೀಸೆಲ್ ಎರಡು ಲೀಟರ್ ಚಿಲ್ಲರೆ. ಫೋರ್ಕ್‌ಲಿಫ್ಟಿನ ಟ್ಯಾಂಕಿಗೆ ನೇರವಾಗಿ ಹಾಕಿದರೆ ಮೂರು. ಕಾರಣ ಸರಳ: ಫೋರ್ಕ್‌ಲಿಫ್ಟಿನ ದಿನದ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಲಾರಿ ಬಾಗಿಲಿಗೆ ಸರಿಯಾಗಿ ನಿಲ್ಲಬೇಕು, ಚಲನ್ ಬರಬೇಕು, ಹಮಾಲಿ ಪ್ಯಾಲೆಟ್ ಸರಿಪಡಿಸಬೇಕು. ಅಷ್ಟೂ ಹೊತ್ತು ಎಂಜಿನ್ ಗುರ್ ಎನ್ನುತ್ತಲೇ ಇರುತ್ತದೆ, ಮೋಟಾರು ಸುಮ್ಮನೆ ಕೂತಿರುತ್ತದೆ. ಹೀಗೆ ಜನರೇಟರಿನ ಕರೆಂಟಿನಲ್ಲೂ ಬ್ಯಾಟರಿ ಗಾಡಿ ಸೋಲುವುದಿಲ್ಲ. ಮೇಲಾಗಿ ಹೊಗೆ ಶೆಡ್ಡಿನ ಹೊರಗೆ ಹೋಗುತ್ತದೆ. ಇನ್ನು ಕರೆಂಟೇ ಇರುವುದಿಲ್ಲ ಎಂಬ ಮಾತು ಹಳೆಯ ನೆನಪಿನದು. ಭಿವಂಡಿಯ ವಿದ್ಯುತ್ ವಿತರಣೆ 2007ರಲ್ಲಿ ಖಾಸಗಿ ಫ್ರಾಂಚೈಸಿಯ ಕೈಗೆ ಹೋದ ಮೇಲೆ ಅಲ್ಲಿನ ಪರಿಸ್ಥಿತಿ ಎಷ್ಟು ಬದಲಾಯಿತೆಂದು ಮಗ್ಗದವರನ್ನು ಕೇಳಿದರೂ ಹೇಳುತ್ತಾರೆ.

ಹಾಗಿದ್ದೂ ಡೀಸೆಲ್ ಯಾಕೆ ಓಡುತ್ತದೆ? ಯಾಕೆಂದರೆ ಆಯ್ಕೆ ಮಾಡುವವನೂ ಖರ್ಚು ಕೊಡುವವನೂ ಹೊಗೆ ಕುಡಿಯುವವನೂ ಬೇರೆಬೇರೆ. ಶೆಡ್ಡು ಒಬ್ಬರದು, ಬಾಡಿಗೆಗೆ ಹಿಡಿದ ಲಾಜಿಸ್ಟಿಕ್ಸ್ ಕಂಪನಿ ಇನ್ನೊಬ್ಬರದು, ಒಳಗಿನ ಸರಕು ಮತ್ತೊಬ್ಬರದು. ಫೋರ್ಕ್‌ಲಿಫ್ಟ್ ತಿಂಗಳ ಬಾಡಿಗೆಗೆ ಕಂಟ್ರಾಕ್ಟರಿನಿಂದ ಬರುತ್ತದೆ, ಡ್ರೈವರೂ ಅವನ ಕಡೆಯವನೇ. ಬಾಡಿಗೆ ಕರಾರಿನಲ್ಲಿ ಡೀಸೆಲ್ ಖರ್ಚು ಸಾಮಾನ್ಯವಾಗಿ ಗಾಡಿ ಪಡೆದವರ ತಲೆಗೆ. ಅಂದಮೇಲೆ ಕಂಟ್ರಾಕ್ಟರಿಗೆ ಬೇಕಾದದ್ದು ಅಗ್ಗಕ್ಕೆ ಸಿಗುವ ಹಳೆಯ ಡೀಸೆಲ್ ಗಾಡಿ. ಅದು ಎಷ್ಟು ಕುಡಿದರೂ ಅವನ ಜೇಬಿಗೆ ತಟ್ಟುವುದಿಲ್ಲ. ಲಾಜಿಸ್ಟಿಕ್ಸ್ ಕಂಪನಿಯ ಗುತ್ತಿಗೆ ಎರಡೋ ಮೂರೋ ವರ್ಷದ್ದು, ಅಷ್ಟರಲ್ಲಿ ಮುಗಿಯದ ಹೂಡಿಕೆಗೆ ಅವರು ಕೈಹಾಕುವುದಿಲ್ಲ. ಚಾರ್ಜರಿಗೆ ಬೇಕಾದ ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರು ಮಾಡಿಸಬೇಕಾದವರು ಶೆಡ್ಡಿನ ಮಾಲೀಕರು, ಅವರಿಗೆ ಅದರಿಂದ ಲಾಭವಿಲ್ಲ. ತಪ್ಪು ಯಾರದೆಂದು ಕೇಳಿದರೆ ಮೂವರೂ ಪಕ್ಕದವರನ್ನು ತೋರಿಸುತ್ತಾರೆ, ಮೂವರ ಮಾತಿನಲ್ಲೂ ಸ್ವಲ್ಪ ಹುರುಳಿದೆ.

ಇನ್ನೊಂದು ಕಾರಣ ಬ್ಯಾಟರಿಗೆ ಅಂಟಿದ ಕೆಟ್ಟ ಹೆಸರು, ಅದರಲ್ಲಿ ಬ್ಯಾಟರಿಯ ಪಾಲು ಕಡಿಮೆ. ಸೀಸದ ಬ್ಯಾಟರಿ ಎಮ್ಮೆ ಸಾಕಿದ ಹಾಗೆ, ದಿನದ ಆರೈಕೆ ಬೇಡುತ್ತದೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಚಾರ್ಜು, ಆಮೇಲೆ ತಣ್ಣಗಾಗಲು ಬಿಡುವು. ಶೇಕಡಾ 20ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಊಟದ ಹೊತ್ತಿನಲ್ಲಿ ಅರ್ಧ ಗಂಟೆ, ಟೀ ಹೊತ್ತಿನಲ್ಲಿ ಕಾಲು ಗಂಟೆ ಎಂದು ತುಣುಕು ಚಾರ್ಜು ಮಾಡಿದರೆ ಆಯಸ್ಸು ಕುಗ್ಗುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಅದೂ ಚಾರ್ಜು ಮುಗಿದ ಮೇಲೆ. ಚಾರ್ಜಾಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ, ಆದ್ದರಿಂದ ಗಾಳಿಯಾಡುವ ಪ್ರತ್ಯೇಕ ಜಾಗ ಬೇಕು. ವಾಸ್ತವದಲ್ಲಿ ನಡೆಯುವುದೇನು? ರಾತ್ರಿ ಪಾಳಿಯವನು ಬೋರಿನ ನೀರು ಸುರಿಯುತ್ತಾನೆ. ಶೆಡ್ಡಿನ ಮೂಲೆಯಲ್ಲಿ ಥಿನ್ನರ್ ಡಬ್ಬದ ಪಕ್ಕದಲ್ಲೇ ಚಾರ್ಜರು ಇರುತ್ತದೆ. ಎರಡು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ‘ಎಲೆಕ್ಟ್ರಿಕ್ ನಮಗೆ ಆಗಿಬರುವುದಿಲ್ಲ’ ಎಂದು ತೀರ್ಪಾಗುತ್ತದೆ. ನೀರು ಹಾಕುವುದು ಹೇಗೆಂದು ಆ ರಾತ್ರಿ ಪಾಳಿಯವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಲಿಥಿಯಂ ಬ್ಯಾಟರಿ ಬಂದು ಈ ರಗಳೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ. ನೀರು ಬೇಡ, ತುಣುಕು ಚಾರ್ಜಿಗೆ ಬೇಜಾರಿಲ್ಲ, ಊಟದ ಬಿಡುವಿನಲ್ಲಿ ಹಚ್ಚಿದರೆ ಎರಡನೇ ಪಾಳಿಗೂ ಸಾಕು. ಬೆಲೆ ಹೆಚ್ಚು. ಸೀಸವಾದರೆ ಸತ್ತ ಮೇಲೂ ಗುಜರಿಯವನು ಒಳ್ಳೆಯ ದುಡ್ಡು ಕೊಟ್ಟು ಒಯ್ಯುತ್ತಾನೆ, ಲಿಥಿಯಂಗೆ ಆ ಸಂತೆ ಇನ್ನೂ ಕುದುರಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಕೊಳ್ಳುವಾಗಲೇ ಆ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಜಾಣತನ.

ಈಗ ಭಿವಂಡಿಯಿಂದ ನ್ಹಾವಾ ಶೇವಾಕ್ಕೆ ಬರೋಣ. 1989ರಲ್ಲಿ ಶುರುವಾದ ಆ ಬಂದರಿನ ಸುತ್ತ ಕಂಟೇನರ್ ಯಾರ್ಡುಗಳ ದೊಡ್ಡ ಸಂತೆಯೇ ಇದೆ. ಅಲ್ಲಿನ ನೆಲ ಗೋಡೌನಿನ ನುಣುಪು ಕಾಂಕ್ರೀಟಲ್ಲ. ಕಂಟೇನರಿನ ಕಾಲು ಕುಸಿದು ಆದ ಗುಂಡಿ, ಕಿತ್ತ ಪೇವರ್, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ಹತ್ತು ಟನ್ನಿನ ಉಕ್ಕಿನ ಕಾಯಿಲ್, ಕಲ್ಲಿನ ಬ್ಲಾಕ್, ಯಂತ್ರದ ಭಾರೀ ಪೆಟ್ಟಿಗೆ. ಹಡಗು ಬಂತೆಂದರೆ ಮೂರು ಪಾಳಿ. ಇಲ್ಲಿ ಡೀಸೆಲ್ ಗಾಡಿಯ ಎರಡು ಗುಣಗಳಿಗೆ ಸಾಟಿ ಸುಲಭವಲ್ಲ: ಐದು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ, ಕೆಟ್ಟರೆ ರಸ್ತೆ ಬದಿಯ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಾನೆ. ಯಾರ್ಡಿನ ಮೂಲೆಗೆ ಕರೆಂಟಿನ ಕೇಬಲ್ಲೇ ಹೋಗಿರುವುದಿಲ್ಲ. ಇಂಥ ಕಡೆ ‘ಪರಿಸರ’ ಎಂದು ಬ್ರೋಷರಿನಲ್ಲಿ ಅಚ್ಚು ಹಾಕಿಸುವ ಆಸೆಗೆ ಬ್ಯಾಟರಿ ಗಾಡಿ ತಂದು ನಿಲ್ಲಿಸಿದರೆ ಅದು ಮಳೆಗಾಲವಿಡೀ ಟಾರ್ಪಾಲಿನಡಿ ಮಲಗಿರುತ್ತದೆ, ಪಕ್ಕದಲ್ಲಿ ಹಳೆಯ ಡೀಸೆಲ್ಲೇ ದುಡಿಯುತ್ತದೆ.

ಹಾಗೆಂದು ‘ಬ್ಯಾಟರಿ ಗಾಡಿ ಮಳೆಗೆ ಆಗದು, ಇಳಿಜಾರು ಹತ್ತದು’ ಎಂಬ ಹಳೆಯ ಮಾತನ್ನು ಹಾಗೇ ನಂಬಬೇಕಿಲ್ಲ. ಗಾಳಿ ತುಂಬಿದ ದೊಡ್ಡ ಟೈರಿನ, ಮೋಟಾರು ಮತ್ತು ಕಂಟ್ರೋಲರಿಗೆ ನೀರು ಹೋಗದಂತೆ ಮುಚ್ಚಿದ, 80 ವೋಲ್ಟಿನ ಗಾಡಿಗಳು ಬಂದಿವೆ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ಆದ್ದರಿಂದ ಡಾಕಿನ ರ‍್ಯಾಂಪ್ ಅದಕ್ಕೆ ಕಷ್ಟವಲ್ಲ. ಉದ್ದನೆಯ ಏರನ್ನು ದಿನಕ್ಕೆ ನೂರು ಸಲ ಹತ್ತಬೇಕಾದರೆ ಬಿಸಿಯಾಗುತ್ತದೆ, ಚಾರ್ಜು ಬೇಗ ಇಳಿಯುತ್ತದೆ. ತೀರ್ಮಾನಕ್ಕೆ ಬರುವ ಮೊದಲು ನೋಡಬೇಕಾದದ್ದು ನೆಲ, ಏರಿನ ಉದ್ದ ಮತ್ತು ಪಾಳಿಯ ಲೆಕ್ಕ. ಚಾವಣಿ ಇಲ್ಲ ಎಂಬುದೊಂದೇ ಡೀಸೆಲ್‌ಗೆ ಕಾರಣವಾಗಬಾರದು.

ತೊಡಕು ಇರುವುದು ಡಾಕಿನ ಹೊಸ್ತಿಲಲ್ಲಿ. ಎತ್ತರದ ಅಟ್ಟಣೆಗಳಿರುವ ದೊಡ್ಡ ಇ-ಕಾಮರ್ಸ್ ಗೋಡೌನುಗಳಲ್ಲಿ ಜಗಳವೇ ಇಲ್ಲ; ಇಕ್ಕಟ್ಟಾದ ಓಣಿಯಲ್ಲಿ ತಿರುಗುವ ರೀಚ್ ಟ್ರಕ್ಕುಗಳೆಲ್ಲ ಬ್ಯಾಟರಿಯವೇ. ಡೀಸೆಲ್ ಉಳಿದಿರುವುದು ನೆಲದ ಮೇಲೆ ಮೂಟೆ ಪೇರಿಸುವ ಮಧ್ಯಮ ಗೋಡೌನುಗಳಲ್ಲಿ, ಟ್ರಾನ್ಸ್‌ಪೋರ್ಟ್ ಶೆಡ್ಡುಗಳಲ್ಲಿ, ಸಣ್ಣ ಕಾರ್ಖಾನೆಗಳ ಸ್ಟೋರಿನಲ್ಲಿ. ಅಲ್ಲಿ ಇರುವುದೇ ಒಂದು ಗಾಡಿ. ಬೆಳಿಗ್ಗೆ ಹೊರಗೆ ಕಬ್ಬಿಣದ ಸರಳು ಇಳಿಸಿ, ಮಧ್ಯಾಹ್ನ ಒಳಗೆ ರಟ್ಟಿನ ಪೆಟ್ಟಿಗೆ ಜೋಡಿಸಬೇಕು. ಎರಡನ್ನೂ ಮಾಡಬಲ್ಲದ್ದು ಬೇಕೆಂದು ಡೀಸೆಲ್ ತರುತ್ತಾರೆ, ದಿನದ ಹೆಚ್ಚು ಹೊತ್ತು ಅದು ಓಡುವುದು ಒಳಗೆ. ಹೊರಗಿನ ಒಂದು ಗಂಟೆಯ ಕೆಲಸಕ್ಕಾಗಿ ಒಳಗಿನವರು ಏಳು ಗಂಟೆ ಹೊಗೆ ಕುಡಿಯುತ್ತಾರೆ. ಇದನ್ನು ತಿರುಗಿಸಿ ಹಾಕಬಹುದು: ಒಳಗಿಗೆ ಬ್ಯಾಟರಿಯ ಗಾಡಿ ಸ್ವಂತದ್ದು, ಹೊರಗಿನ ಭಾರದ ದಿನಗಳಿಗೆ ಡೀಸೆಲ್ ದಿನಬಾಡಿಗೆಗೆ. ಹೊಸ್ತಿಲ ಬಳಿ ಸರಕು ಕೈಬದಲಾಗಲು ನಾಲ್ಕು ಪ್ಯಾಲೆಟ್ ಇಡುವಷ್ಟು ಜಾಗ ಬಿಟ್ಟರೆ ಆಯಿತು. ನಾಲ್ಕು ಪ್ಯಾಲೆಟ್ಟಿನ ಜಾಗವೂ ಬಾಡಿಗೆಯ ಜಾಗವೇ ಎಂದು ಮ್ಯಾನೇಜರುಗಳು ಗೊಣಗುತ್ತಾರೆ. ಆ ಗೊಣಗಾಟದ ಬೆಲೆ ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕಬಹುದು, ಹೊಗೆಯದಕ್ಕೆ ಹಾಗೆ ಹಾಕಲಾಗದು.

ಬ್ಯಾಟರಿ ಪರ ವಾದಿಸುವವರು ಮುಚ್ಚಿಡಬಾರದ ಎರಡು ಸಂಗತಿಗಳಿವೆ. ಮೊದಲನೆಯದು ಮೌನ. ನಾಲ್ಕು ಟನ್ನಿನ ಗಾಡಿ ಸದ್ದಿಲ್ಲದೆ ಹಿಂದಕ್ಕೆ ಬರುವುದು ಅಪಾಯ. ಹಿಂದಿನ ಚಕ್ರ ತಿರುಗುವುದರಿಂದ ಅದರ ಬಾಲ ಬೀಸಿಕೊಂಡು ಹೋಗುತ್ತದೆ. ಡೀಸೆಲ್ ಸದ್ದಿಗೆ ಪಕ್ಕಕ್ಕೆ ಸರಿದು ಅಭ್ಯಾಸವಾದ ಹಮಾಲಿಗೆ ಇದು ಕೇಳಿಸುವುದೇ ಇಲ್ಲ. ನೆಲದ ಮೇಲೆ ನೀಲಿ ಬೆಳಕು ಬೀಳಿಸುವ ದೀಪ, ನಡೆದಾಡಲು ಬೇರೆ ದಾರಿ ಇಲ್ಲದೆ ಬ್ಯಾಟರಿ ಗಾಡಿ ಇಳಿಸಬಾರದು. ಎರಡನೆಯದು ಕರೆಂಟಿನ ಮೂಲ. ನಮ್ಮ ಗ್ರಿಡ್ಡಿನ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನದು, ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡು. 7 ಯೂನಿಟ್ಟಿಗೆ ಐದು ಕಿಲೋ. ಮೂರು ಲೀಟರ್ ಡೀಸೆಲ್‌ಗೆ ಎಂಟು ಕಿಲೋ. ಉಳಿತಾಯವಿದೆ, ಆದರೆ ‘ಶೂನ್ಯ ಮಾಲಿನ್ಯ’ ಎಂದು ಗಾಡಿಯ ಬೆನ್ನಿಗೆ ಹಸಿರು ಸ್ಟಿಕ್ಕರು ಅಂಟಿಸುವಷ್ಟಿಲ್ಲ.

ಹಮಾಲಿ ಎಂದಾಗ ಇನ್ನೊಂದು ಮಾತು ಬರುತ್ತದೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಕಾರ್ಮಿಕರಿಗೆಂದು ಕಾಯಿದೆ ತಂದು, ತಲೆ ಮೇಲೆ ಮೂಟೆ ಹೊರುವವನಿಗೂ ಮಂಡಳಿ, ಭವಿಷ್ಯನಿಧಿ ಎಂದು ಒಂದು ಆಸರೆ ಕೊಟ್ಟಿತು. ಕಲಬುರಗಿ, ವಿಜಯಪುರದ ಕಡೆಯಿಂದ ಹೋಗಿ ಮುಂಬೈ, ಪುಣೆಗಳಲ್ಲಿ ದುಡಿದವರ ಮನೆಗಳಲ್ಲಿ ಮೂಟೆಯ ಭಾರದ ಕಥೆ ಹೊಸದೇನೂ ಅಲ್ಲ. ಆ ಭಾರವನ್ನು ತಲೆಯಿಂದ ಇಳಿಸಿದ್ದು ಫೋರ್ಕ್‌ಲಿಫ್ಟೇ. ಮುಂದಿನ ತಲೆಮಾರಿನ ಹುಡುಗ ಈಗ ಅದರ ಸೀಟಿನಲ್ಲಿ ಕೂತಿದ್ದಾನೆ, ಬಾಡಿಗೆ ಕಂಟ್ರಾಕ್ಟರಿನ ಕೈಕೆಳಗೆ, ಯಾವ ಮಂಡಳಿಯ ಪಟ್ಟಿಯಲ್ಲೂ ಹೆಸರಿಲ್ಲದೆ. ಅವನ ಸೀಟಿನ ಕೆಳಗೆ ಎಂಜಿನ್ ಇರಬೇಕೋ ಬ್ಯಾಟರಿ ಇರಬೇಕೋ ಎಂದು ಅವನನ್ನು ಕೇಳಿದವರಿಲ್ಲ.

ಪ್ರತಿ ಫೋರ್ಕ್‌ಲಿಫ್ಟಿನ ಡ್ಯಾಷ್‌ಬೋರ್ಡಿನಲ್ಲೂ ಗಂಟೆ ಲೆಕ್ಕದ ಮೀಟರು ಇರುತ್ತದೆ. ಸರ್ವಿಸ್ ಯಾವಾಗ ಎಂದು ನೋಡಲು ಬಿಟ್ಟರೆ ಯಾರೂ ಅದನ್ನು ಗಮನಿಸುವುದಿಲ್ಲ. ಚಾಕಣ್‌ನಲ್ಲೋ ಮೇಡ್ಚಲ್‌ನಲ್ಲೋ ಸ್ಟೋರ್ ನೋಡಿಕೊಳ್ಳುವವರು ಬಾಡಿಗೆ ಕರಾರು ನವೀಕರಿಸುವ ಮೊದಲು ಒಂದು ತಿಂಗಳು ಒಂದು ನೋಟ್‌ಬುಕ್ ಇಡಲಿ: ಗಾಡಿ ಬಾಗಿಲಿನಿಂದ ಹೊರಗೆ ಎಷ್ಟು ಗಂಟೆ, ಒಳಗೆ ಎಷ್ಟು ಗಂಟೆ, ಎಂಜಿನ್ ಹಚ್ಚಿಟ್ಟು ಸುಮ್ಮನೆ ನಿಂತದ್ದು ಎಷ್ಟು ಗಂಟೆ. ಬರೆಯುವ ಕೆಲಸ ಡ್ರೈವರಿಗೇ ಕೊಡಲಿ. ಕಂಟ್ರಾಕ್ಟರು ಹೊಸ ರೇಟಿನ ಕಾಗದ ಹಿಡಿದು ಬಂದ ದಿನ ಆ ನೋಟ್‌ಬುಕ್ ಮೇಜಿನ ಮೇಲಿರಲಿ.